ಪ್ರಶ್ನೋತ್ತರ: ಸೆರಗಿನ ತೇರು ಯಾಕೆ ಮುಗಿಯುತ್ತಿಲ್ಲ?

ಪ್ರಶ್ನೆ: ಅಕ್ಕಾರೇ, ನಮಸ್ಕಾರ. ಮಗಳಿಗೆಂದು ಕಪ್ಪು ಚಂದ್ರಕಾಳಿ ಸೀರೆಗೆ ಕಸೂತಿ ಹಾಕಲು ಕೂತು 3 ವರ್ಷವಾಯಿತು. ಒಡಲಿನ ಚಿಕ್ಕಿ (ಪುಟ್ಟ ನಕ್ಷತ್ರ), ತುಳಸಿ ಕಟ್ಟೆಯ ಚಿತ್ತಾರ ಎಲ್ಲ ಆಗಿವೆ. ಸೆರಗಿನ ದೊಡ್ಡ ತೇರು ಮಾತ್ರ ಅರ್ಧಕ್ಕೆ ನಿಂತಿದೆ. ಪುರಸೊತ್ತಿಲ್ಲ ಅನ್ನುವಂತಿಲ್ಲ, ಈ ನಡುವೆ ಎರಡು ಬ್ಲೌಸು, ಒಂದು ದಿಂಬಿನ ಕವರ್ ಮುಗಿಸಿದ್ದೇನೆ. ಈ ಸೀರೆ ಬಿಡಿಸಿದರೆ ಮಾತ್ರ ಕೈ ಏಳುವುದಿಲ್ಲ. ಇದು ಸೋಮಾರಿತನವೇ?

ಉತ್ತರ (ಕಸೂತಿ ಕಲಿಸುವವರು): ಅಲ್ಲ ತಂಗಿ. ಸೋಮಾರಿಗಳು ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸಲು ಕೂರುವುದೇ ಇಲ್ಲ. ನಿನ್ನದು ಹೆದರಿಕೆ. ನಾಲ್ಕು ಜನರ ಕಣ್ಣಿಗೆ ಬೀಳುವುದು ಸೆರಗು. ಅರ್ಧ ತೇರಿಗೆ ಯಾರೂ ಹೆಸರಿಡುವುದಿಲ್ಲ, ಮುಗಿದದ್ದಕ್ಕೆ ಇಡಬಹುದು. ನನ್ನ ಹತ್ತಿರ ಕಲಿಯಲು ಬರುವವರಲ್ಲಿ ಕೈ ಚೆನ್ನಾಗಿರುವವರೇ ಹೆಚ್ಚು ಹೀಗೆ ನಿಂತುಬಿಡುತ್ತಾರೆ. ಅದಿರಲಿ, ಸೂಜಿ ಕೊನೆಗೆ ಎಲ್ಲಿ ನಿಂತಿತು, ಹೇಳು.

ಪ್ರಶ್ನೆ: ಎಡದ ಗೆರೆ, ಬಲದ ಗೆರೆ ಶಿಖರದ ಕೆಳಗೆ ಕೂಡಲಿಲ್ಲ. ಅವತ್ತು ಮಡಚಿಟ್ಟಿದ್ದು.

ಉತ್ತರ: ಹಂಗಾದರೆ ಅದೇ. ಎಲ್ಲೋ ಕೆಳಗೆ ಒಂದೆಳೆ ತಪ್ಪಿದೆ. ಗವಂತಿ ಹೊಲಿಗೆಯಲ್ಲಿ ಒಂದು ಬಿಟ್ಟು ಒಂದು ಹೋಗಿ, ಬಿಟ್ಟ ಜಾಗವನ್ನು ಮರಳುವಾಗ ತುಂಬುತ್ತೇವಲ್ಲ, ಎಣಿಕೆ ತಪ್ಪಿದ್ದು ಆಗ ಕಾಣುವುದಿಲ್ಲ. ಗೆರೆ ಗೆರೆ ಕೂಡುವಲ್ಲಿ ಕಾಣುತ್ತದೆ. ನಿನ್ನ ಮನಸ್ಸಿಗೆ ಅದು ಗೊತ್ತು, ಅದಕ್ಕೇ ಕೈ ಹಿಂದೆ ಸರಿಯುತ್ತಿದೆ.

ನಾಳೆ ಹೊಲಿಯಬೇಡ. ಬೆಳಿಗ್ಗೆ ಕಿಟಕಿ ಹತ್ತಿರ ಕೂತು ಬರೀ ಎಣಿಸು. ತಪ್ಪು ಸಿಕ್ಕ ಜಾಗದವರೆಗೆ ಮಾತ್ರ ಬಿಚ್ಚು, ಇಡೀ ತೇರನ್ನಲ್ಲ. ಆಮೇಲೆ ದಿನಕ್ಕೆ ಒಂದೇ ದಾರ, ಮೊಳದುದ್ದ. ದಾರ ಮುಗಿದರೆ ಅವತ್ತಿನ ಕೆಲಸ ಮುಗಿಯಿತು, ಇನ್ನೂ ಹಾಕಬೇಕು ಅನ್ನಿಸಿದರೂ ಏಳು. ಮರುದಿನದ ದಾರ ಪೋಣಿಸಿ, ಎರಡು ಹೊಲಿಗೆ ಹಾಕಿ, ಸೂಜಿ ಬಟ್ಟೆಯಲ್ಲೇ ಇರಲಿ. ಮತ್ತೆ ಕೂತಾಗ ಎಲ್ಲಿಂದ ಅಂತ ಹುಡುಕುವಂತಾಗಬಾರದು, ಆ ಹುಡುಕಾಟದಲ್ಲೇ ಮನಸ್ಸು ಜಾರುತ್ತದೆ. ಸೀರೆಯನ್ನು ಪೆಟ್ಟಿಗೆಗೆ ಹಾಕಬೇಡ. ಹೊಸ ಬ್ಲೌಸಂತೂ ಬೇಡವೇ ಬೇಡ.

ಗುಂಪಿನ ಇನ್ನೊಬ್ಬ ಸದಸ್ಯೆ: ಒಂದೆಳೆ ತಾನೇ ಅಕ್ಕಾರೇ, ಬಿಚ್ಚದೆ ಹಾಗೇ ಸರಿದೂಗಿಸಬಾರದಾ?

ಉತ್ತರ: ಒಡಲಿನ ಚಿಕ್ಕಿಯಾಗಿದ್ದರೆ ಬಿಡು ಅನ್ನುತ್ತಿದ್ದೆ. ಶಿಖರ ಸೊಟ್ಟಗಾದರೆ ಹಾಕಿದವಳ ಕಣ್ಣು ಪ್ರತಿಸಲ ಅಲ್ಲಿಗೇ ಹೋಗುತ್ತದೆ.

ಪ್ರಶ್ನೆ: ಎಣಿಸಿದೆ ಅಕ್ಕಾರೇ. ತಪ್ಪು ಎರಡನೇ ಅಂತಸ್ತಿನಲ್ಲೇ ಇತ್ತು. ಬಿಚ್ಚಿದ್ದೂ ಆಯಿತು, ಅರ್ಧ ಗಂಟೆ ಸಾಕಾಯಿತು.

ಉತ್ತರ: ಸಂತೋಷ. ತೇರು ನಿಂತ ದಿನ ಇಲ್ಲಿ ಫೋಟೋ ಹಾಕು. ಹಿಂಬದಿಯದನ್ನೂ ಹಾಕು, ಗವಂತಿ ಎರಡೂ ಕಡೆ ಒಂದೇ ಸಮ ಬಂದಿದೆಯಾ ನೋಡಬೇಕು.