ಸಿಲಿಂಡರಿನಲ್ಲಿ ಗೀರು: ಸ್ಲೀವ್ ಹಾಕಿಸಿದವರು ಅನುಭವ ಹೇಳಿ

ವಿದ್ಯಾನಗರದ ಸಂಕಟ:
ಕಾರಿನ ಹೆಸರು ಬರೆಯುವುದಿಲ್ಲ. ದಾವಣಗೆರೆಯಲ್ಲಿ ಅಂಥದ್ದು ಇರುವುದೇ ಎರಡು. ನನಗೆ ಬಾಕಿ ಕೊಡಬೇಕಾದವರೂ ನಾನು ಕೊಡಬೇಕಾದವರೂ ಇಲ್ಲಿಯೇ ಇದ್ದಾರೆ. ಎರಡು ಬಾಗಿಲು, 3.4 ಲೀಟರ್, ಎದುರುಬದುರು ಮಲಗಿದ ಆರು ಸಿಲಿಂಡರ್, ಅಲ್ಯೂಮಿನಿಯಂ ಬ್ಲಾಕ್, ಸಿಲಿಂಡರಿನೊಳಗೆ ಕಬ್ಬಿಣದ ಲೈನರ್ (ಒಳಪದರ) ಇಲ್ಲ. 2007ರದು, 71,000 ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹೊಲಿಗೆ ಯಂತ್ರದ ಹಾಗೆ ಟಿಕ್ ಟಿಕ್. ಎರಡು ಸೈಲೆನ್ಸರ್ ಬಾಯಿಗಳಲ್ಲಿ ಒಂದಕ್ಕೆ ಮಾತ್ರ ಮಸಿ. 1,200 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿದೆ. ಪ್ಲಗ್ ಬಿಚ್ಚಿ ಕ್ಯಾಮೆರಾ ಇಳಿಸಿದಾಗ ಆರನೆಯ ಸಿಲಿಂಡರಿನಲ್ಲಿ ಉದ್ದುದ್ದ ಗೀರುಗಳು ಕಂಡವು. ಬೆಂಗಳೂರಿನವರು ಎಂಜಿನ್ನನ್ನೇ ಬದಲಿಸಿ, 24 ಲಕ್ಷ ಎಂದರು. ನಾನು ಕಾರು ಕೊಂಡದ್ದೇ 27ಕ್ಕೆ. ಇಲ್ಲಿಯ ಲೇತಿನವರು ಸಿಲಿಂಡರ್ ಕೊರೆದು ಸ್ಲೀವ್ (ಒಳಗೆ ಬಿಗಿಯಾಗಿ ಕೂರುವ ಹೊಸ ಕೊಳವೆ) ಹಾಕಿಕೊಡುತ್ತೇವೆ ಎನ್ನುತ್ತಾರೆ. ಕೆಟ್ಟಿರುವ ಒಂದೇ ಸಿಲಿಂಡರಿಗೆ ಹಾಕಿಸಿದರೆ ಸಾಕೇ, ಆರಕ್ಕೂ ಬೇಕೇ?

ದುರ್ಗದ ಗಾಳಿಯಂತ್ರ:
ನನ್ನದೂ ಅದೇ ಕುಲದ್ದು. ಮೊದಲು ತೋರಿಸಿದ ಗ್ಯಾರೇಜಿನವರು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ "ಆರೂ ಸಮ ಇವೆ, ಟ್ಯಾಪೆಟ್ ಸದ್ದು" ಎಂದು ಕಳಿಸಿದರು. ಗೀರಿನ ಸಂದಿಯಲ್ಲಿ ಆಯಿಲ್ ತುಂಬಿಕೊಂಡು ಗಾಳಿಯನ್ನು ಅದೇ ಹಿಡಿದಿಡುತ್ತದೆ, ಕಂಪ್ರೆಷನ್ ಸರಿಯಾಗಿಯೇ ಬರುತ್ತದೆ. ಹಾಗೆ ನಾಲ್ಕು ತಿಂಗಳು ಓಡಿಸಿ ಇನ್ನೆರಡು ಸಿಲಿಂಡರುಗಳನ್ನು ಕೆಡಿಸಿಕೊಂಡೆ.

ಕೊನೆಗೆ ಬ್ಲಾಕನ್ನು ವಿದೇಶಕ್ಕೆ ಕಳಿಸಿ ನಿಕಾಸಿಲ್ ಲೇಪದ ಅಲ್ಯೂಮಿನಿಯಂ ಸ್ಲೀವ್ ಹಾಕಿಸಿದೆ. ನಿಕ್ಕಲ್, ಅದರೊಳಗೆ ಸಿಲಿಕಾನ್ ಕಾರ್ಬೈಡ್. 1973ರ ಸ್ಪೋರ್ಟ್ಸ್ ಕಾರು ಕರೆರಾ ಆರ್‌ಎಸ್‌ನ 2.7 ಲೀಟರ್ ಎಂಜಿನ್ನಿಗೆ ಹಾಕಿದ್ದ ಲೇಪವೇ ಇದು, ನಿನ್ನೆ ಮೊನ್ನೆಯದಲ್ಲ. ಲೆಕ್ಕ ಬರೆದಿಟ್ಟಿದ್ದೇನೆ: ಬಿಚ್ಚಲು 85,000. ಸ್ಲೀವ್ ಮತ್ತು ಲೇಪ 6,10,000. ಆರು ಫೋರ್ಜ್ಡ್ ಪಿಸ್ಟನ್ 2,35,000. ಹೋಗಿ ಬರುವ ಸಾಗಣೆ 1,48,000. ಬೇರಿಂಗ್, ಗ್ಯಾಸ್ಕೆಟ್, ಚೈನು 2,04,000. ಜೋಡಿಸಲು 1,60,000. ಪೆಟ್ಟಿಗೆಯದು ಬೇರೆ ಕಥೆ. ಊರಿನ ಬಡಗಿ 6,200ಕ್ಕೆ ಚೆಂದದ ಪೆಟ್ಟಿಗೆ ಮಾಡಿಕೊಟ್ಟಿದ್ದ, ಶಾಖ ಕೊಟ್ಟ ಮುದ್ರೆ ಇಲ್ಲದ ಮರ ಎಂದು ಬಂದರಿನಿಂದ ವಾಪಸಾಯಿತು. ಮುದ್ರೆ ಇರುವ ಪೆಟ್ಟಿಗೆಗೆ 19,000. ತಿರುಗಿ ಬಂದಾಗ ಇದು ರಿಪೇರಿಗೆ ಹೋಗಿದ್ದ ಬ್ಲಾಕು ಎಂದು ಸಾಬೀತು ಮಾಡಲು 41 ದಿನ ಹಿಡಿಯಿತು, ಗೋದಾಮಿನ ಬಾಡಿಗೆ ಮತ್ತು ಸುಂಕ ಸೇರಿ 1,12,400. ಒಟ್ಟು 15,79,600. ಹನ್ನೊಂದು ತಿಂಗಳು ಶೆಡ್ಡಿನಲ್ಲಿ ಎಂಜಿನ್ ಇಲ್ಲದ ಕಾರು ಕೂತಿತ್ತು, ಬೆಕ್ಕು ಅದರೊಳಗೆ ಎರಡು ಸಲ ಮರಿ ಹಾಕಿತು. ಈಗ 23,000 ಕಿ.ಮೀ. ಆಗಿದೆ, ಆಯಿಲ್ ಕೂದಲೆಳೆಯಷ್ಟೂ ಇಳಿದಿಲ್ಲ.

ಅಕ್ಕಿ ಗಿರಣಿ:
ಹದಿನೈದೂಮುಕ್ಕಾಲು ಲಕ್ಷವನ್ನು ಇಷ್ಟು ಹೆಮ್ಮೆಯಿಂದ ಹೇಳುವುದನ್ನು ಇವತ್ತೇ ನೋಡಿದ್ದು.

ನನ್ನದು ವಿ8, ಅದೂ ಲೈನರ್ ಇಲ್ಲದ ಬ್ಲಾಕು. ಎಂಟಕ್ಕೂ ಎರಕದ ಕಬ್ಬಿಣದ ಸ್ಲೀವ್ ಹೊಡೆಸಿದೆ, ಇಲ್ಲಿಯೇ, ಪಿಸ್ಟನ್ ಸೇರಿ 2,90,000. 3,800 ಕಿ.ಮೀ. ಓಡಿತು. ಆನಗೋಡು ದಾಟುವಾಗ ಮುಳ್ಳು ಕೆಂಪಿಗೆ ಏರಿತು. ಡಿಪ್ ಸ್ಟಿಕ್ ಎಳೆದು ನೋಡಿದರೆ ರಾಗಿ ಅಂಬಲಿ. ಒಂದು ಸ್ಲೀವ್ ಕೆಳಕ್ಕೆ ಜಾರಿ ಹೆಡ್ ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ನೀರು ನುಗ್ಗಿತ್ತು.

ತಪ್ಪು ಆಮೇಲೆ ತಿಳಿಯಿತು. ಲೇತಿನವರು ಲಾರಿ ಎಂಜಿನ್ನಿನ ಅಭ್ಯಾಸದಂತೆ ಎರಡು ಥೌ (ಅಂಗುಲದ ಸಾವಿರದಲ್ಲಿ ಎರಡು ಭಾಗ) ಬಿಗಿ ಇಟ್ಟಿದ್ದರು, ಅಂದರೆ ಸ್ಲೀವ್ ತಾನು ಕೂರುವ ರಂಧ್ರಕ್ಕಿಂತ 0.05 ಮಿ.ಮೀ. ದಪ್ಪ. ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಸುಮಾರು 100 ಮಿ.ಮೀ. ಹೊರವ್ಯಾಸದ ಸ್ಲೀವಿಗೆ ಎಪ್ಪತ್ತು ಡಿಗ್ರಿ ಬಿಸಿ ಏರಿದರೆ 0.08 ಮಿ.ಮೀ. ವ್ಯತ್ಯಾಸ ಬರುತ್ತದೆ. ಇಟ್ಟ ಬಿಗಿ ಬಿಸಿಲಿಗೆ ಬೆಣ್ಣೆಯಾಯಿತು.

ಎರಡನೆಯ ಸಲ ಮೇಲೆ ಅಂಚು ಇರುವ ಸ್ಲೀವ್ ತರಿಸಿ, ಬಿಗಿ ಹೆಚ್ಚಿಸಿ, ಬ್ಲಾಕನ್ನು ಪರಿಚಯದ ಬೇಕರಿಯ ಒಲೆಯಲ್ಲಿ ಕಾಯಿಸಿದೆವು. ಸ್ಲೀವ್ ಕುಗ್ಗಿಸಲು ದನಗಳ ಕೃತಕ ಗರ್ಭಧಾರಣೆಗೆ ಬಳಸುವ ದ್ರವ ಸಾರಜನಕ. ಆ ಕ್ಯಾನಿನ ಬಾಯಿ ಸಣ್ಣದು, ಥರ್ಮಾಕೋಲ್ ಡಬ್ಬಿಗೆ ಸುರಿದು ಅದರಲ್ಲಿ ಮುಳುಗಿಸಿದೆವು. ಕುದಿಯುವುದು ನಿಂತ ಮೇಲೆ ಇಕ್ಕಳದಲ್ಲಿ ಎತ್ತಿ ಬಿಟ್ಟರೆ ಟಣ್ ಎಂದು ತಾನೇ ಕೂತುಕೊಳ್ಳುತ್ತದೆ. ಐದನೆಯದನ್ನು ಹುಡುಗ ಸ್ವಲ್ಪ ಓರೆ ಬಿಟ್ಟ. ಅರ್ಧದಲ್ಲಿ ಕಚ್ಚಿಕೊಂಡಿತು, ಕಣ್ಣು ಮಿಟುಕಿಸುವಷ್ಟೂ ಸಮಯ ಸಿಗಲಿಲ್ಲ. ಅದನ್ನು ಮತ್ತೆ ಕೊರೆದು ತೆಗೆಯಲು 9,000. ಈಗ 19,000 ಕಿ.ಮೀ. ಗಟ್ಟಿಯಾಗಿ ಓಡಿದೆ. ಎರಡೂ ಸಲದ್ದು ಸೇರಿದರೂ ನಿಮ್ಮ ಅರ್ಧಕ್ಕೆ ಬರುವುದಿಲ್ಲ ಸ್ವಾಮಿ.

ಎಣ್ಣೆ ಲೆಕ್ಕ:
ಇಬ್ಬರೂ ಕೆಡಿಸಿಕೊಂಡ ಮೇಲಿನ ಕಥೆ ಹೇಳುತ್ತಿದ್ದೀರಿ. ಕೆಡದಂತೆ ನೋಡಿಕೊಂಡವನು ಇಲ್ಲಿ ನಾನೊಬ್ಬನೇ. ಈ ಬ್ಲಾಕುಗಳಲ್ಲಿ ಗೋಡೆಯ ಮೇಲ್ಮೈ ಎಂದರೆ ಸಿಲಿಕಾನ್ ಕಣಗಳು, ಪಿಸ್ಟನ್ನಿನ ಪಕ್ಕೆಗೆ ತೆಳುವಾದ ಲೇಪ. ಲೇಪ ಸವೆದರೆ ಅಲ್ಯೂಮಿನಿಯಮ್ಮಿಗೆ ಅಲ್ಯೂಮಿನಿಯಂ ಉಜ್ಜುತ್ತದೆ. ಕಿತ್ತುಬಂದ ಕಣ ಉಳಿ ಹಿಡಿದ ಹಾಗೆ ಗೀರುತ್ತಾ ಹೋಗುತ್ತದೆ. ಹಾಗಾಗಿ ಆಯಿಲ್ 80 ಡಿಗ್ರಿ ಮುಟ್ಟುವವರೆಗೆ ಎಂಜಿನ್ನನ್ನು ನಿಮಿಷಕ್ಕೆ 3,000 ಸುತ್ತು ದಾಟಿಸುವುದಿಲ್ಲ. ನೀರಿನ ಮುಳ್ಳು ಊರು ಬಿಡುವ ಮೊದಲೇ 80 ತೋರಿಸುತ್ತದೆ, ಆಯಿಲ್ ಅದರ ಎಷ್ಟೋ ಹಿಂದೆ ಇರುತ್ತದೆ, ಎಲ್ಲರೂ ಏಮಾರುವುದು ಅಲ್ಲಿಯೇ. ಎಂಜಿನ್ ನೀರಿಗೆ 83 ಡಿಗ್ರಿಯಲ್ಲಿ ದಾರಿ ತೆರೆಯುವ ಥರ್ಮೋಸ್ಟಾಟ್ ತೆಗೆದು 71ರದು ಹಾಕಿಸಿದೆ. ಸೋರುವ ಇಂಜೆಕ್ಟರ್ ಗೋಡೆಯ ಆಯಿಲನ್ನು ಪೆಟ್ರೋಲಿನಿಂದ ತೊಳೆದುಬಿಡುತ್ತದೆ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಆರನ್ನೂ ಪರೀಕ್ಷೆ ಮಾಡಿಸುತ್ತೇನೆ. ಆರು ತಿಂಗಳಿಗೊಮ್ಮೆ ಆಯಿಲ್, ಫಿಲ್ಟರ್ ಸೇರಿ 11,400. ಹಳೆಯ ಫಿಲ್ಟರಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯುತ್ತೇನೆ. ಜರಿ ಸೀರೆಯ ಹಾಗೆ ಹೊಳೆದರೆ ಕೆಲಸ ಕೆಟ್ಟಿತು ಎಂದರ್ಥ.

ಇನ್ನೊಂದು. ನಿಲ್ಲಿಸಿಕೊಂಡು ಹತ್ತು ನಿಮಿಷ ಎಂಜಿನ್ ಕಾಯಿಸುವವರು ತಾವೇ ಪೆಟ್ರೋಲಿನಿಂದ ಸಿಲಿಂಡರ್ ತೊಳೆಯುತ್ತಿದ್ದಾರೆ.

ಅಕ್ಕಿ ಗಿರಣಿ:
ನನ್ನನ್ನು ಕುರಿತು ಬರೆದದ್ದು ಎಂದು ತಿಳಿಯಿತು. ಹೌದು, ಸ್ಟಾರ್ಟ್ ಮಾಡಿ, ಊದುಬತ್ತಿ ಬೆಳಗಿ, ಆಮೇಲೆ ಹೊರಡುತ್ತೇನೆ. ನಮ್ಮ ತಂದೆಯೂ ಅಂಬಾಸಿಡರಿಗೆ ಹಾಗೆಯೇ ಮಾಡುತ್ತಿದ್ದರು.

ಎಣ್ಣೆ ಲೆಕ್ಕ:
ಅಂಬಾಸಿಡರಿನದು ಕಬ್ಬಿಣದ ಬ್ಲಾಕು ಯಜಮಾನರೇ. ಊದುಬತ್ತಿಯನ್ನು ಸ್ಟಾರ್ಟ್ ಮಾಡುವ ಮೊದಲು ಬೆಳಗಿ.

ಅಕ್ಕಿ ಗಿರಣಿ:
ನಿಮ್ಮ ಕಾರು ವರ್ಷಕ್ಕೆ ಎಷ್ಟು ಓಡುತ್ತದೆ, ಅದನ್ನೂ ಬರೆಯಿರಿ. ಭಾನುವಾರ ಜೋಗಿಮಟ್ಟಿಯ ತನಕ ಹೋಗಿ ಫೋಟೋ ತೆಗೆದುಕೊಂಡು ಬಂದು ಕವರ್ ಹೊದಿಸುವುದಕ್ಕೆ ನಿರ್ವಹಣೆ ಎನ್ನುವುದಿಲ್ಲ. ಗೊಂಬೆಗೂ ಗೀರು ಬೀಳುವುದಿಲ್ಲ.

ಹಳೇ ಎರಡು ಸ್ಟ್ರೋಕ್:
ಗೋಡೆಗೆ ಏನು ಬಳಿದಿದೆ ಎಂದು ಜಗಳ. ಗಾಳಿ ಎಲ್ಲಿಂದ ಒಳಗೆ ಹೋಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಆರ್‌ಎಕ್ಸ್ 100ನ್ನು ಮಣ್ಣಿನ ರೇಸಿಗೆ ತಯಾರು ಮಾಡಿದವನು ನಾನು. 50 ಮಿ.ಮೀ. ಬೋರು (ಸಿಲಿಂಡರಿನ ಒಳವ್ಯಾಸ), 0.25ರಿಂದ ಶುರುಮಾಡಿ ಒಂದು ಮಿ.ಮೀ. ತನಕ ನಾಲ್ಕೂ ಓವರ್‌ಸೈಜ್ ಪಿಸ್ಟನ್ ತಿಂದು ಮುಗಿಸಿದ್ದೇನೆ. ಒಂದು ಬೇಸಿಗೆ ಸದ್ದಿನ ಆಸೆಗೆ ಫಿಲ್ಟರ್ ಕಿತ್ತು ಭೀಮಸಮುದ್ರದ ಅದಿರಿನ ಲಾರಿಗಳ ಹಿಂದೆ ಓಡಿಸಿದೆ. ತಿಂಗಳೊಳಗೆ ಬಿಚ್ಚಬೇಕಾಯಿತು. ಸಿಲಿಂಡರಿನ ಮೇಲ್ತುದಿಯಲ್ಲಿ ಬೆರಳಿನ ಉಗುರು ಇಳಿಸಿದರೆ ತಟ್ಟೆಯ ಅಂಚಿನ ಹಾಗೆ ತಡೆಯುತ್ತಿತ್ತು. ರಿಂಗ್ ಹಿಂದಿರುಗುವ ಜಾಗ ಅದು, ಧೂಳು ಮೊದಲು ತಿನ್ನುವುದು ಅಲ್ಲಿಯೇ.

ದುರ್ಗದ ಗಾಳಿಯಂತ್ರ:
ಅಣ್ಣಾ, ನೂರು ಸಿಸಿ ಬೈಕಿಗೂ ಇದಕ್ಕೂ ಏನು ಸಂಬಂಧ? ಕಬ್ಬಿಣದ ಬೋರನ್ನು ಓರೆಗೆರೆ ಬರುವಂತೆ ಕಲ್ಲಿನಿಂದ ಉಜ್ಜಿ ಹೋನ್ ಮಾಡಿದರೆ ಆಯಿತು. ಇವುಗಳ ಗೋಡೆಗೆ ಅದೇ ಕಲ್ಲು ಹಾಕಿದರೆ ಕಣಗಳೇ ಪುಡಿಯಾಗುತ್ತವೆ.

ಹಳೇ ಎರಡು ಸ್ಟ್ರೋಕ್:
ಸಂಬಂಧ ಧೂಳಿನದು ತಮ್ಮಾ. ಅದು ನಿನ್ನ ಕಾರಿನ ಬೆಲೆ ಕೇಳಿ ಒಳಗೆ ಹೋಗುವುದಿಲ್ಲ. ನಿನ್ನ ನಿಕಾಸಿಲ್ ಕೂಡ ತೊಂಬತ್ತರ ದಶಕದಲ್ಲಿ ಬಿಎಂಡಬ್ಲ್ಯು ಎಂಜಿನ್ನುಗಳಲ್ಲಿ ಪೆಟ್ರೋಲಿನ ಗಂಧಕಕ್ಕೆ ಕರಗಿತ್ತು. ಅದನ್ನೂ ಹೇಳಬೇಕಿತ್ತು.

ದುರ್ಗದ ಗಾಳಿಯಂತ್ರ:
ಹೇಳದೇ ಇದ್ದದ್ದು ಈಗ ಅದು ಬೇಡವಾದ ಮಾತು ಎಂದು. 2020ರ ಏಪ್ರಿಲ್‌ನಿಂದ ನಮ್ಮ ಬಿಎಸ್-6 ಪೆಟ್ರೋಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ ಹತ್ತು ಭಾಗ ಮಾತ್ರ. ದಾವಣಗೆರೆಯ ಲೇತುಗಳಲ್ಲಿ ಮಾಡಿಸಿದ್ದರೆ ನಾನೂ ಅಂಬಲಿ ಕುಡಿಯುತ್ತಿದ್ದೆ.

ಅಕ್ಕಿ ಗಿರಣಿ:
1997ರಲ್ಲಿ ದಾವಣಗೆರೆ ಜಿಲ್ಲೆ ಬೇರೆಯಾದದ್ದು ದುರ್ಗದವರಿಗೆ ಇನ್ನೂ ಅರಗಿಲ್ಲ. ನಿಮ್ಮ ಊರಿನಲ್ಲಿ ಬ್ಲಾಕು ಬಿಚ್ಚಿದವರು ಎಲ್ಲಿಂದ ಬಂದಿದ್ದರು, ಅದನ್ನೂ ಹೇಳಿ.

ದುರ್ಗದ ಗಾಳಿಯಂತ್ರ:
ಬಿಚ್ಚಿದವರು ಹರಿಹರದವರು. ಜೋಡಿಸಿದವರು ಅಲ್ಲ.

ಅಕ್ಕಿ ಗಿರಣಿ:
ಹರಿಹರ ಯಾವ ಜಿಲ್ಲೆ?

ವಿದ್ಯಾನಗರದ ಸಂಕಟ:
ದೊಡ್ಡವರಲ್ಲಿ ಮತ್ತೊಮ್ಮೆ ಕೇಳುತ್ತೇನೆ. ಒಂದಕ್ಕೆ ಸಾಕೇ, ಆರಕ್ಕೂ ಬೇಕೇ? ಲೇತಿನವರು ನಾಳೆ ಬ್ಲಾಕು ಕಳಿಸಿ ಎಂದಿದ್ದಾರೆ.

ಹಳೇ ಎರಡು ಸ್ಟ್ರೋಕ್:
ಆರೂ. ಒಂದು ಕೆಟ್ಟ ಬ್ಲಾಕಿನಲ್ಲಿ ಉಳಿದ ಐದು ಸರದಿಯಲ್ಲಿ ನಿಂತಿರುತ್ತವೆ, ಎರಡೆರಡು ಸಲ ಎಂಜಿನ್ ಇಳಿಸುವ ಕೂಲಿ ಕೊಡಬೇಡ. ನಾಳೆ ಕಳಿಸಲೂಬೇಡ. ಬಿಗಿ ಎಷ್ಟು ಥೌ ಇಡುತ್ತೀರಿ ಎಂದು ಮೊದಲು ಕೇಳು, ಎರಡು ಎಂದರೆ ಬ್ಲಾಕನ್ನು ಡಿಕ್ಕಿಯಿಂದ ಇಳಿಸದೆ ವಾಪಸ್ ಬಾ.

ಎಣ್ಣೆ ಲೆಕ್ಕ:
ಅವರ ಕಾರಿನ ಡಿಕ್ಕಿಯಲ್ಲಿ ಆ ಬ್ಲಾಕು ಹಿಡಿಸುವುದಿಲ್ಲ.

ಅಕ್ಕಿ ಗಿರಣಿ:
ಗಿರಣಿಯ ಟಾಟಾ ಏಸ್ ಕಳಿಸುತ್ತೇನೆ, ಬೆಳಿಗ್ಗೆ ಎಂಟಕ್ಕೆ. ಹುಡುಗನಿಗೆ ಚಹಾ ಕುಡಿಸಿ. ವರ್ಷಕ್ಕೆ ಎಷ್ಟು ಕಿ.ಮೀ. ಎಂಬುದಕ್ಕೆ ಎಣ್ಣೆ ಲೆಕ್ಕದವರು ಇನ್ನೂ ಉತ್ತರ ಕೊಟ್ಟಿಲ್ಲ.