ಐದು ಪದರಗಳ ಮರದ ಬ್ಲೇಡಿನಿಂದ ವೇಗದ ಬ್ಲೇಡಿಗೆ: ನನ್ನ ಆಟಕ್ಕೆ ಯಾವುದು ಹೊಂದೀತು?

ಪ್ರಶ್ನೆ: ಲೂಪ್‌ಪ್ರಿಯ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ನಾನು ಐದು ಪದರಗಳ, ಆಲ್‌ರೌಂಡ್ (ಮಧ್ಯಮ ವೇಗದ) ವರ್ಗದ ಮರದ ಬ್ಲೇಡಿನಲ್ಲಿ, ಅಂದರೆ ರಬ್ಬರ್ ಅಂಟಿಸುವ ಬ್ಯಾಟಿನ ಮರದ ಭಾಗದಲ್ಲಿ, ಟೇಬಲ್ ಟೆನಿಸ್ ಆಡುತ್ತಿದ್ದೇನೆ. ಎರಡೂ ಬದಿಗೆ 2.0 ಮಿ.ಮೀ. ಸ್ಪಾಂಜಿನ, ಮಧ್ಯಮ ಗಡಸಿನ ರಬ್ಬರ್ ಅಂಟಿಸಿದ್ದೇನೆ. ಮೇಜಿನಿಂದ ಒಂದೆರಡು ಹೆಜ್ಜೆ ಹಿಂದೆ ನಿಂತು ಹೊಡೆಯುವ ಫೋರ್‌ಹ್ಯಾಂಡ್ ಲೂಪ್ (ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಸವರಿ ಮುಂದಕ್ಕೆ ತಿರುಗಿಸುವ ಹೊಡೆತ) ನನ್ನ ಮುಖ್ಯ ಅಸ್ತ್ರ. ಬ್ಯಾಕ್‌ಹ್ಯಾಂಡಿನಲ್ಲಿ ಮಾತ್ರ ಮೇಜಿಗೆ ಹತ್ತಿರವಿದ್ದು ಬ್ಲಾಕ್ ಮಾಡುವುದೇ, ಅಂದರೆ ಬರುವ ಚೆಂಡಿಗೆ ಬ್ಯಾಟನ್ನು ಅಡ್ಡ ಹಿಡಿದು ಹಿಂದಿರುಗಿಸುವುದೇ ಹೆಚ್ಚು. ಇತ್ತೀಚೆಗೆ ನನ್ನ ಮೊದಲ ಲೂಪನ್ನು ಎದುರಾಳಿಗಳು ಸುಲಭವಾಗಿ ಬ್ಲಾಕ್ ಮಾಡುತ್ತಿದ್ದಾರೆ, ಎರಡನೆಯ ಲೂಪಿಗೆ ಎಷ್ಟೇ ಬಲ ಹಾಕಿದರೂ ಚೆಂಡು ಅವರನ್ನು ದಾಟಿ ಹೋಗುವುದಿಲ್ಲ.

ಗೆಳೆಯರೊಬ್ಬರ, ಕಾರ್ಬನ್ ನಾರು ಸೇರಿಸಿದ ವಿಸ್ಕಾರಿಯಾ ಬ್ಲೇಡಿನಲ್ಲಿ ಒಂದು ಸಂಜೆ ಆಡಿ ನೋಡಿದೆ. ಜೋರಾದ ಹೊಡೆತಗಳು ಮನಸ್ಸಿಗೆ ತುಂಬ ಹಿಡಿಸಿದವು. ಆದರೆ ನೆಟ್‌ನ ಹತ್ತಿರ ಮಾಡಿದ ಪುಶ್‌ಗಳು (ಚೆಂಡಿನ ಅಡಿಯನ್ನು ಸವರಿ ಮೆಲ್ಲಗೆ ಕಳಿಸುವ ಹೊಡೆತಗಳು) ಎತ್ತರಕ್ಕೆ ಏಳುತ್ತಿದ್ದವು, ಎದುರಾಳಿಯ ಬದಿಯಲ್ಲಿ ಎರಡು ಬಾರಿ ಪುಟಿಯಬೇಕಾದ ಸಣ್ಣ ಸರ್ವ್‌ಗಳು ಮೇಜಿನ ತುದಿ ದಾಟಿ ಹೋಗುತ್ತಿದ್ದವು. ಇದು ಅಭ್ಯಾಸದಿಂದ ಸರಿಹೋಗುವ ತೊಂದರೆಯೇ ಅಥವಾ ಆ ಬ್ಲೇಡು ನನ್ನ ಆಟಕ್ಕೆ ಹೊಂದುವುದಿಲ್ಲವೇ? ಏಳು ಪದರಗಳ ಮರದ ಬ್ಲೇಡು, ಒಳಪದರದಲ್ಲಿ ಕಾರ್ಬನ್ ಇರುವುದು, ಹೊರಪದರದಲ್ಲಿ ಇರುವುದು, ಈ ಮೂರರಲ್ಲಿ ಯಾವ ಕಡೆಗೆ ಹೋಗಬೇಕೆಂದು ತಿಳಿಸುವಿರಾ?

ಉತ್ತರ: ಮರದ ನಾರು

ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗವಿದೆ. ವೇಗದ ಬ್ಲೇಡನ್ನು ಆರಿಸುವಾಗ ಬಹಳ ಮಂದಿ ತಮ್ಮ ಅತ್ಯಂತ ಜೋರಾದ ಹೊಡೆತ ಎಷ್ಟು ವೇಗವಾಗಿ ಹೋಗುತ್ತದೆ ಎಂಬುದನ್ನಷ್ಟೇ ನೋಡುತ್ತಾರೆ. ನೋಡಬೇಕಾದದ್ದು ಅತ್ಯಂತ ಮೆಲ್ಲನೆಯ ಹೊಡೆತ ಏನಾಗುತ್ತದೆ ಎಂಬುದನ್ನು. ನೀವು ಅದನ್ನು ಗಮನಿಸಿದ್ದೀರಿ.

ಐದು ಪದರಗಳ ತೆಳುವಾದ ಬ್ಲೇಡಿಗೆ ಬಲವಾಗಿ ಚೆಂಡು ತಾಗಿದಾಗ ಮರ ಬಾಗುತ್ತದೆ, ನಡುಗುತ್ತದೆ. ನಿಮ್ಮ ಬಲದ ಒಂದು ಪಾಲು ಆ ನಡುಕದಲ್ಲೇ ಕಳೆದುಹೋಗುತ್ತದೆ. ಎರಡನೆಯ ಲೂಪಿಗೆ ಬಲ ಹಾಕಿದಷ್ಟೂ ಫಲ ಸಿಗದಿರುವುದಕ್ಕೆ ಇದು ಒಂದು ಕಾರಣವಿರಬಹುದು. ಬಾಗದೆ ನಿಲ್ಲುವ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ: ಒಂದೇ ಬಗೆಯ ಮರದಲ್ಲಿ 5.7 ಮಿ.ಮೀ. ದಪ್ಪವನ್ನು 6.0 ಮಿ.ಮೀ.ಗೆ ಏರಿಸಿದರೆ ದಪ್ಪ ಹೆಚ್ಚುವುದು ಶೇ. 5ರಷ್ಟಾದರೂ ಬಿಗುವು ಸುಮಾರು ಶೇ. 17ರಷ್ಟು ಏರುತ್ತದೆ. ಹಾಗಾಗಿ ಬ್ಲೇಡಿನ ವಿವರದಲ್ಲಿ ಕಾಣುವ ಸಣ್ಣ ಅಂಕಿಗಳನ್ನು ಅಲಕ್ಷಿಸಬೇಡಿ.

ಕಾರ್ಬನ್ ಸೇರಿಸುವುದು ದಪ್ಪ ಹೆಚ್ಚಿಸದೆಯೇ ಬಿಗುವು ತರುವುದಕ್ಕಾಗಿ. ನಿಯಮದ ಪ್ರಕಾರ ಬ್ಲೇಡಿನ ದಪ್ಪದಲ್ಲಿ ಕನಿಷ್ಠ ಶೇ. 85 ಭಾಗ ನೈಸರ್ಗಿಕ ಮರವಿರಬೇಕು. ನಾರಿನ ಒಂದು ಪದರವು ಒಟ್ಟು ದಪ್ಪದ ಶೇ. 7.5 ಅಥವಾ 0.35 ಮಿ.ಮೀ., ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಇಷ್ಟು ತೆಳುವಾದ ಪದರ ಆಟದ ಸ್ವಭಾವವನ್ನೇ ಬದಲಿಸುವುದು ಅದು ಇರುವ ಜಾಗದಿಂದ. ವಿಸ್ಕಾರಿಯಾದಲ್ಲಿ ಅರೈಲೇಟ್ ಕಾರ್ಬನ್ (ಅರೈಲೇಟ್ ಎಂಬ ಕೃತಕ ನಾರಿನೊಡನೆ ನೇಯ್ದ ಕಾರ್ಬನ್) ಪದರ ಹೊರಗಿನ ಕೋಟೋ ಮರದ ಕೆಳಗೇ ಇದೆ. ಕೋಟೋ ಗಡಸಾದ ಮರ. ಮೆಲ್ಲನೆ ಮುಟ್ಟಿದರೂ ಚೆಂಡಿಗೆ ಆ ಬಿಗುವು ಬೇಗ ತಾಗುವುದರಿಂದಲೇ ನಿಮ್ಮ ಪುಶ್‌ಗಳು ಎತ್ತರಕ್ಕೆ ಎದ್ದದ್ದು. ಇನ್ನರ್‌ಫೋರ್ಸ್ ಸರಣಿಯ ಬ್ಲೇಡುಗಳಲ್ಲಿ, ಹಾಗೆಯೇ ಚೀನಾದ ಆಟಗಾರ ಮಾ ಲಾಂಗ್ ಅವರ ಹೆಸರಿನ ಹರಿಕೇನ್ ಲಾಂಗ್ 5 ಬ್ಲೇಡಿನಲ್ಲಿ, ಇಂಥ ನಾರು ನಡುವಿನ ತಿರುಳಿಗೆ ಅಂಟಿಕೊಂಡಿರುತ್ತದೆ. ಅಲ್ಲಿ ಮೆಲ್ಲನೆಯ ಹೊಡೆತಕ್ಕೆ ಮೇಲಿನ ಮರದ ಪದರಗಳೇ ಉತ್ತರ ಕೊಡುತ್ತವೆ, ಬಲವಾಗಿ ಹೊಡೆದಾಗ ಮಾತ್ರ ಕಾರ್ಬನ್ ಎಚ್ಚರಗೊಳ್ಳುತ್ತದೆ.

ಹಿಂದೆ ನಿಂತು ಲೂಪ್ ಮಾಡುವ ನಿಮಗೆ ಒಳಪದರದ ಕಾರ್ಬನ್ ಹೆಚ್ಚು ಒಗ್ಗುತ್ತದೆ ಎಂದು ನನ್ನ ಅನಿಸಿಕೆ. ಏಳು ಪದರಗಳ ಮರದ ಬ್ಲೇಡು, ಉದಾಹರಣೆಗೆ ಸ್ಟಿಗಾ ಕ್ಲಿಪ್ಪರ್, ಒಳ್ಳೆಯ ಆಯ್ಕೆಯೇ. ಆದರೆ ಅದರ ನಿಜವಾದ ಸೊಗಸು ಮೇಜಿಗೆ ಹತ್ತಿರವಿದ್ದು ಚಪ್ಪಟೆಯಾಗಿ ಬಾರಿಸುವವರಿಗೆ ತಿಳಿಯುತ್ತದೆ, ತೂಕವೂ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು.

ಉತ್ತರ: ಮೇಜಿನಂಚು

ಹೊರಪದರದ ಕಾರ್ಬನ್ ಬಗ್ಗೆ ಇಷ್ಟು ಹೆದರಿಸುವ ಅಗತ್ಯವಿಲ್ಲವೆಂದು ವಿನಯದಿಂದ ಹೇಳುತ್ತೇನೆ. ನಾನು ಎರಡೂ ಬದಿಯಲ್ಲಿ ಮೇಜಿಗೆ ಅಂಟಿಕೊಂಡೇ ಆಡುವವನು. ನನ್ನ ಹೊಡೆತಗಳು ಗಿಡ್ಡ. ಎದುರಾಳಿಯ ವೇಗವನ್ನೇ ತಿರುಗಿಸಿ ಕಳಿಸುವುದು ನನ್ನ ಆಟದ ಜೀವಾಳ. ಚೆಂಡು ಬ್ಯಾಟಿನ ನಡುವಿಗೆ ತಾಗದೆ ಸ್ವಲ್ಪ ಬದಿಗೆ ತಾಗಿದಾಗಲೂ ಇಂಥ ಬ್ಲೇಡು ಕೈ ಬಿಡುವುದಿಲ್ಲ, ಬ್ಲಾಕ್ ಮಾಡುವವನಿಗೆ ಅದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಮೊದಲ ತಿಂಗಳು ನನ್ನ ಪುಶ್‌ಗಳೂ ಏಳುತ್ತಿದ್ದವು. ಬ್ಯಾಟನ್ನು ಹಿಡಿಯುವ ಬೆರಳುಗಳನ್ನು ಸಡಿಲಿಸಿ, ಚೆಂಡು ಪುಟಿದು ಏಳುತ್ತಿರುವಾಗಲೇ ಅದರ ಅಡಿಯನ್ನು ತೆಳುವಾಗಿ ಸವರಲು ಕಲಿತ ಮೇಲೆ ಆ ತೊಂದರೆ ಬಹುಮಟ್ಟಿಗೆ ನಿಂತಿತು.

ಆದರೂ ಲೂಪ್‌ಪ್ರಿಯ ಅವರ ಫೋರ್‌ಹ್ಯಾಂಡ್ ಬೇರೆಯದೇ ಆಟ. ಹೊರಪದರದ ಕಾರ್ಬನ್ನಿನಲ್ಲಿ ಚೆಂಡಿನ ದಾರಿ ಚಪ್ಪಟೆಯಾಗಿರುತ್ತದೆ. ಭಾರವಾದ ಬ್ಯಾಕ್‌ಸ್ಪಿನ್ (ಹಿಮ್ಮುಖ ತಿರುಗುವಿಕೆ) ಇರುವ ಚೆಂಡನ್ನು ಎತ್ತುವಾಗ ಅದು ನೆಟ್ಟಿಗೆ ಬೀಳದಂತೆ ತೋಳನ್ನು ಇನ್ನಷ್ಟು ವೇಗವಾಗಿ ಬೀಸಬೇಕಾಗುತ್ತದೆ. ಆ ಒಂದು ವಿಷಯದಲ್ಲಿ ಮರದ ನಾರು ಅವರ ಮಾತನ್ನು ಒಪ್ಪುತ್ತೇನೆ. ತೂಕದ ಬಗ್ಗೆ ಅವರು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ, ಅದು ಸಾಲದು. ಬ್ಲೇಡು 85 ಗ್ರಾಂ, ಕತ್ತರಿಸಿದ ರಬ್ಬರ್ ತಲಾ 47 ಗ್ರಾಂ ಎಂದರೆ ಬ್ಯಾಟು 180 ಗ್ರಾಂ ಹತ್ತಿರ ಬರುತ್ತದೆ. ಒಂದೇ ಮಾದರಿಯ ಎರಡು ಬ್ಲೇಡುಗಳ ನಡುವೆಯೇ ಐದಾರು ಗ್ರಾಂ ವ್ಯತ್ಯಾಸವಿರುವುದುಂಟು. ಕೊಳ್ಳುವ ಮುನ್ನ ತೂಗಿಸಿ ನೋಡಿ. ಆಟದ ಮೂರನೆಯ ಗಂಟೆಯಲ್ಲಿ ಮಣಿಕಟ್ಟಿಗೆ ಆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಉತ್ತರ: ಅಭ್ಯಾಸದ ಮೇಜು

ಮಕ್ಕಳಿಗೆ ಆಟ ಹೇಳಿಕೊಡುವ ನನಗೆ ಒಂದು ಸಂದೇಹವಿದೆ. ಎದುರಾಳಿ ನಿಮ್ಮ ಲೂಪನ್ನು ಸುಲಭವಾಗಿ ಬ್ಲಾಕ್ ಮಾಡುತ್ತಿದ್ದರೆ ಅದಕ್ಕೆ ವೇಗದ ಕೊರತೆಯೊಂದೇ ಕಾರಣವಾಗಿರಬೇಕೆಂದಿಲ್ಲ. ಚೆಂಡು ಪ್ರತಿ ಬಾರಿಯೂ ಮೇಜಿನ ನಡುಭಾಗದಲ್ಲೇ ಬೀಳುತ್ತಿದೆಯೇ? ಎರಡು ಲೂಪ್‌ಗಳ ಸ್ಪಿನ್ ಒಂದೇ ಸಮನಾಗಿದೆಯೇ? ಹಾಗಿದ್ದರೆ ಎಂಥ ವೇಗದ ಬ್ಲೇಡು ತಂದರೂ ಅವರು ಎರಡೇ ವಾರಗಳಲ್ಲಿ ಅದಕ್ಕೆ ಹೊಂದಿಕೊಳ್ಳುತ್ತಾರೆ, ನಿಮಗೆ ಮಾತ್ರ ಪುಶ್‌ಗಳ ತೊಂದರೆ ಉಳಿಯುತ್ತದೆ. ಒಂದು ಪಂದ್ಯವನ್ನು ಚಿತ್ರೀಕರಿಸಿ, ಲೂಪ್‌ಗಳು ಎಲ್ಲಿ ಬೀಳುತ್ತಿವೆ ಎಂದು ಗುರುತು ಹಾಕಿಕೊಳ್ಳಿ.

ಅದಾದ ಮೇಲೂ ಬ್ಲೇಡು ಬದಲಿಸಬೇಕೆನಿಸಿದರೆ ರಬ್ಬರನ್ನು ಬದಲಿಸದೆ ಬ್ಲೇಡನ್ನು ಮಾತ್ರ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದವರಿಗೆ ಒಳ್ಳೆಯದಾದರೂ ಕೆಟ್ಟದಾದರೂ ಅದು ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಪೊಟ್ಟಣದ ಮೇಲಿನ ಆಫ್, ಆಫ್ ಪ್ಲಸ್ ಎಂಬ ವೇಗದ ಗುರುತುಗಳನ್ನು ಬೇರೆ ಬೇರೆ ಕಂಪನಿಗಳ ನಡುವೆ ಹೋಲಿಸಲೂ ಹೋಗಬೇಡಿ. ಪ್ರತಿ ಕಂಪನಿಯೂ ತನ್ನದೇ ಅಳತೆ ಇಟ್ಟುಕೊಂಡಿದೆ. ಅದಕ್ಕಿಂತ ಬರಿಯ ಬ್ಲೇಡನ್ನು ಹಿಡಿದು ಚೆಂಡನ್ನು ಪುಟಿಸಿ ಸದ್ದು ಕೇಳಿ: ಸ್ವರ ತೀಕ್ಷ್ಣವಾಗಿದ್ದಷ್ಟೂ ಬ್ಲೇಡು ಬಿಗುವಾಗಿದೆ ಎಂದು ತಿಳಿಯಬಹುದು.

ಲೂಪ್‌ಪ್ರಿಯ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಹೇಳಿದಂತೆ ಪಂದ್ಯವೊಂದನ್ನು ಚಿತ್ರೀಕರಿಸಿ ನೋಡಿದೆ. ಅಭ್ಯಾಸದ ಮೇಜು ಅವರ ಸಂದೇಹ ನಿಜವಾಗಿತ್ತು: ನನ್ನ ಮೊದಲ ಲೂಪ್‌ಗಳಲ್ಲಿ ಮುಕ್ಕಾಲು ಪಾಲು ಎದುರಾಳಿಯ ಬ್ಯಾಕ್‌ಹ್ಯಾಂಡಿನ ಕಡೆಗೆ, ಒಂದೇ ಉದ್ದಕ್ಕೆ ಬೀಳುತ್ತಿದ್ದವು. ಅದನ್ನು ತಿದ್ದಿಕೊಳ್ಳಲು ಮೂರು ವಾರ ಹಳೆಯ ಬ್ಲೇಡಿನಲ್ಲೇ ಆಡಿದೆ. ಬಳಿಕ ಒಳಪದರದ ಕಾರ್ಬನ್ ಇರುವ ಬ್ಲೇಡೊಂದನ್ನು ಎರವಲು ಪಡೆದು, ನನ್ನದೇ ರಬ್ಬರ್‌ಗಳನ್ನು ಅಂಟಿಸಿ, ಮೊದಲು ಪುಶ್ ಮತ್ತು ಸಣ್ಣ ಸರ್ವ್‌ಗಳನ್ನಷ್ಟೇ ಅರ್ಧ ಗಂಟೆ ಮಾಡಿದೆ. ಕೆಲವು ಪುಶ್‌ಗಳು ಸ್ವಲ್ಪ ಉದ್ದವಾದರೂ ವಿಸ್ಕಾರಿಯಾದಲ್ಲಿ ಎದ್ದಷ್ಟು ಏಳಲಿಲ್ಲ. ಎರಡನೆಯ ಲೂಪಿನಲ್ಲಿ ವ್ಯತ್ಯಾಸ ಸ್ಪಷ್ಟವಾಗಿತ್ತು. ಬ್ಯಾಕ್‌ಹ್ಯಾಂಡ್ ಬ್ಲಾಕ್ ಮಾತ್ರ ಆಗಾಗ ಮೇಜಿನಾಚೆ ಹೋಗುತ್ತಿದೆ. ಆ ಬದಿಗೆ 1.8 ಮಿ.ಮೀ. ಸ್ಪಾಂಜಿನ ರಬ್ಬರ್ ಹಾಕಿದರೆ ಸರಿಹೋದೀತೇ?

ಮರದ ನಾರು

ಸರಿಹೋಗಬಹುದು, ಆದರೆ ಈಗಲೇ ಬೇಡ. ಬ್ಲಾಕ್ ಮಾಡುವಾಗ ಬ್ಯಾಟನ್ನು ಈಗಿನದಕ್ಕಿಂತ ತುಸು ಹೆಚ್ಚು ಮುಂದಕ್ಕೆ ವಾಲಿಸಿ, ತೋಳನ್ನು ಮುಂದೆ ತಳ್ಳದೆ ಇನ್ನೆರಡು ವಾರ ಆಡಿ ನೋಡಿ. ಹಳೆಯ ಬ್ಲೇಡಿನಲ್ಲಿ ನೀವು ಕೊಡುತ್ತಿದ್ದ ಆ ಸಣ್ಣ ತಳ್ಳುವಿಕೆ ಈಗ ಬೇಕಾಗಿಲ್ಲ. ಆಮೇಲೂ ಚೆಂಡು ಹೊರಗೆ ಹೋದರೆ ತೆಳುವಾದ ಸ್ಪಾಂಜಿಗೆ ಬನ್ನಿ. ಎರವಲು ಬ್ಲೇಡಿನಿಂದ ರಬ್ಬರ್ ಬಿಡಿಸುವಾಗ ಹಿಡಿಯ ಬದಿಯ ಮೂಲೆಯಿಂದ ಆರಂಭಿಸಿ, ಆತುರಪಡದೆ ನಿಧಾನವಾಗಿ ಎಳೆಯಿರಿ. ಮೇಲ್ಪದರ ಲಿಂಬಾ ಮರದ್ದಾಗಿದ್ದರೆ ಅದು ಮೃದು. ಅವಸರಿಸಿದರೆ ರಬ್ಬರಿನೊಡನೆ ಮರದ ಸಿಬಿರೂ ಎದ್ದು ಬರುತ್ತದೆ.