ಮಕ್ಕಳ ಹಲ್ಲಿಗೆ ಮನೆಮದ್ದು ಕೇಳಿದವರಿಗೆ

ಎರಡೂವರೆ ವರ್ಷದ ಮಗಳಿಗೆ ಟೂತ್‌ಪೇಸ್ಟ್ ಬೇಡ, ಮನೆಯಲ್ಲೇ ಏನಾದರೂ ಮಾಡಿಕೊಳ್ಳಬಹುದಾ ಅಂತ ಕೇಳಿದ್ದಿರಿ. ನಿಮ್ಮ ಪ್ರಶ್ನೆ ಓದಿದಾಗಿನಿಂದ ಅದೇ ತಲೆಯಲ್ಲಿದೆ. ನನ್ನ ಮಗನಿಗೆ ಎರಡು ವರ್ಷ ಇದ್ದಾಗ ನಾನೂ ಇದನ್ನೇ ಹುಡುಕುತ್ತಿದ್ದೆ. ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಆಗ ನನ್ನ ಭಯ ಒಂದೇ. ಮಗು ಪೇಸ್ಟನ್ನು ಉಗುಳುವುದಿಲ್ಲ, ನುಂಗುತ್ತದೆ. ಅದರಲ್ಲಿರುವ ಫ್ಲೋರೈಡ್ ಅನ್ನುವ ಖನಿಜ ಹೊಟ್ಟೆಗೆ ಹೋದರೆ ಏನು ಗತಿ? ಹತ್ತಿರದಲ್ಲಿ ಕೇಳಲು ಹಿರಿಯರು ಯಾರೂ ಇರಲಿಲ್ಲ. ಅಲ್ಲಿ ಇಲ್ಲಿ ಓದಿ, ಅಡುಗೆ ಸೋಡಕ್ಕೆ ಚೂರು ಎಣ್ಣೆ ಕಲಸಿ ನಾನೇ ಒಂದು ಪೇಸ್ಟ್ ಮಾಡಿಕೊಂಡೆ. ಎಂಟು ತಿಂಗಳು ಅದರಲ್ಲೇ ಹಲ್ಲು ಉಜ್ಜಿದೆ. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸ ಬೇರೆ ಇತ್ತು. ಬಿಡಿಸಲು ಹೋದರೆ ಅಳು, ಮರುದಿನ ನನಗೆ ಕೆಲಸ. ಹಾಗೇ ಬಿಟ್ಟುಬಿಟ್ಟೆ.

ಒಂದು ರಾತ್ರಿ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಉಜ್ಜುತ್ತಿದ್ದೆ. ದೀಪದ ಬೆಳಕು ನೇರ ಬಾಯಿಗೆ ಬೀಳುತ್ತಿತ್ತು. ಬ್ರಷ್ ಜಾರಿತು ಅಂತ ಮೇಲ್ತುಟಿಯನ್ನು ಬೆರಳಿನಿಂದ ಎತ್ತಿ ಹಿಡಿದೆ. ಮುಂದಿನ ಎರಡು ಹಲ್ಲುಗಳ ಮೇಲೆ, ಸರಿಯಾಗಿ ಒಸಡಿನ ಅಂಚಿಗೆ, ಸುಣ್ಣದಲ್ಲಿ ಎಳೆದ ಹಾಗೆ ಒಂದು ಬಿಳಿ ಗೆರೆ. ಹಾಲು ಒಣಗಿರಬೇಕು ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಮೆಲ್ಲಗೆ ಕೆರೆದೆ. ಹೋಗಲಿಲ್ಲ. ನೋವಿಲ್ಲವಲ್ಲ ಅಂತ ಮೂರು ವಾರ ಸುಮ್ಮನಿದ್ದೆ. ಡೆಂಟಿಸ್ಟ್ ಹತ್ತಿರ ಹೋಗುವಷ್ಟರಲ್ಲಿ ಒಂದು ಹಲ್ಲಿನ ಗೆರೆ ಕಂದು ಬಣ್ಣಕ್ಕೆ ತಿರುಗಿತ್ತು.

ಅವತ್ತು ಡಾಕ್ಟರ್ ವಿವರಿಸಿದ ಮೇಲೆ ನನಗೆ ವಿಷಯ ಅರ್ಥವಾಯಿತು. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಹಾಲಿನಲ್ಲೂ ಸಕ್ಕರೆ ಇದೆ. ಬಾಯಿಯ ಪಿಎಚ್ (ಆಮ್ಲದ ಅಳತೆ, ಇದು ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಮೇಲ್ಪದರದಿಂದ ಕ್ಯಾಲ್ಸಿಯಂ ಕರಗಿ ಹೊರಗೆ ಬರುತ್ತದೆ. ಎಂಜಲು ಅದನ್ನು ನಿಧಾನಕ್ಕೆ ಮತ್ತೆ ತುಂಬುತ್ತದೆ. ಹಗಲೆಲ್ಲಾ ಈ ಹೋಗು ಬರು ನಡೆಯುತ್ತಲೇ ಇರುತ್ತದೆ. ನಿದ್ದೆಯಲ್ಲಿ ಎಂಜಲು ತೀರಾ ಕಡಿಮೆ. ಹಾಗಾಗಿ ಬಾಟಲಿ ಬಾಯಲ್ಲಿಟ್ಟು ಮಲಗಿದ ಮಗುವಿನ ಹಲ್ಲಿಗೆ ರಾತ್ರಿಯಿಡೀ ಬರೀ ನಷ್ಟ. ಬಿಳಿ ಗೆರೆ ಅಂದರೆ ಕ್ಯಾಲ್ಸಿಯಂ ಹೋಗಲು ಶುರುವಾದ ಜಾಗ. ಆ ಹಂತದಲ್ಲಿ ಹಿಡಿದರೆ ಹುಳುಕು ಅಲ್ಲಿಗೇ ನಿಲ್ಲಬಹುದು. ಕಂದಾಗಿ ಕುಳಿ ಬಿದ್ದ ಮೇಲೆ ಯಾವ ಮನೆಮದ್ದಿನಿಂದಲೂ ಅದು ಮುಚ್ಚುವುದಿಲ್ಲ.

ನನ್ನ ಸೋಡದ ಪೇಸ್ಟ್ ಏನು ಮಾಡುತ್ತಿತ್ತು ಅಂದರೆ, ಆ ಹೊತ್ತಿನ ಆಮ್ಲವನ್ನು ಸ್ವಲ್ಪ ತಣಿಸುತ್ತಿತ್ತು, ಅಷ್ಟೇ. ಹೋದ ಕ್ಯಾಲ್ಸಿಯಂ ಹಲ್ಲಿಗೆ ಮರಳಲು ಸಹಾಯ ಮಾಡಿ, ಆ ಪದರವನ್ನು ಮೊದಲಿಗಿಂತ ಗಟ್ಟಿ ಮಾಡುವುದು ಫ್ಲೋರೈಡ್. ನಾನು ತೆಗೆದುಹಾಕಿದ್ದು ಅದನ್ನೇ.

ನುಂಗುವ ಭಯಕ್ಕೆ ಉತ್ತರ ಪ್ರಮಾಣದಲ್ಲಿದೆ. ಮೂರು ವರ್ಷದ ಒಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು ಪೇಸ್ಟ್, ಬ್ರಷ್‌ಗೆ ಸವರಿದ ಹಾಗೆ. ಮೂರರಿಂದ ಆರು ವರ್ಷಕ್ಕೆ ಬಟಾಣಿ ಕಾಳಿನಷ್ಟು. ಅಷ್ಟು ಚೂರು ನುಂಗಿದರೂ ಗಾಬರಿ ಬೇಡ. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ ತುಂಬಾ ಹಾಕಿ ದಿನಾ ನುಂಗಿಸಿದರೆ ಮಾತ್ರ, ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೇಲೆ ಬಿಳಿ ಕಲೆ ಬರಬಹುದು. ಪೇಸ್ಟಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಟ್ಯೂಬಿನ ಮೇಲೆ ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಲೆಕ್ಕದಲ್ಲಿ ಬರೆದಿರುತ್ತದೆ. ಯಾವ ವಯಸ್ಸಿಗೆ ಎಷ್ಟು ಅನ್ನುವುದು ದೇಶದಿಂದ ದೇಶಕ್ಕೆ ಸ್ವಲ್ಪ ಬೇರೆ. ನಾವೆಲ್ಲ ಒಂದೊಂದು ಕಡೆ ಇದ್ದೇವಲ್ಲ, ನಿಮ್ಮಲ್ಲಿನ ಡೆಂಟಿಸ್ಟನ್ನೇ ಕೇಳಿ.

ಇನ್ನು ಮನೆಮದ್ದು. ಲವಂಗದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ಕೈಯಿಂದ ದೊಡ್ಡ ತಪ್ಪು ಆಗಬೇಕಿದ್ದದ್ದು ಅಲ್ಲೇ. ಮಗ ಹಲ್ಲು ಮುಟ್ಟಿಸಿಕೊಳ್ಳದೆ ಅತ್ತ ದಿನ ಅಮ್ಮನಿಗೆ ಫೋನ್ ಮಾಡಿದೆ. 'ಲವಂಗ ಇಡೇ, ನೋವು ಇಳಿಯುತ್ತೆ' ಅಂದರು. ಲವಂಗದ ಎಣ್ಣೆಯ ಬಾಟಲಿ ಮನೆಯಲ್ಲಿತ್ತು. ಹತ್ತಿ ಅದ್ದಿ ಇನ್ನೇನು ಇಡಬೇಕು, ಬಾಟಲಿಯ ಮೇಲೆ 'ಮಕ್ಕಳಿಂದ ದೂರವಿಡಿ' ಅಂತ ಇದ್ದದ್ದು ಕಣ್ಣಿಗೆ ಬಿತ್ತು. ಅಮ್ಮ ಹೇಳಿದ್ದು ಸುಳ್ಳಲ್ಲ. ಲವಂಗದಲ್ಲಿರುವ ಯೂಜಿನಾಲ್ ನಿಜವಾಗಿಯೂ ನೋವು ಮರಗಟ್ಟಿಸುತ್ತದೆ. ಆದರೆ ಅಮ್ಮನ ಮನಸ್ಸಿನಲ್ಲಿದ್ದದ್ದು ದೊಡ್ಡವರು ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ಒಂದು ಲವಂಗ. ನನ್ನ ಕೈಯಲ್ಲಿದ್ದದ್ದು ಬಟ್ಟಿ ಇಳಿಸಿದ ಎಣ್ಣೆ. ಅದರಲ್ಲಿ ಮುಕ್ಕಾಲು ಪಾಲು, ಕೆಲವೊಮ್ಮೆ ಇನ್ನೂ ಜಾಸ್ತಿ, ಯೂಜಿನಾಲೇ ಇರುತ್ತದೆ. ಎಳೆ ಒಸಡನ್ನು ಸುಡುತ್ತದೆ. ಒಂದೆರಡು ಚಮಚ ಹೊಟ್ಟೆಗೆ ಹೋದರೂ ಪುಟ್ಟ ಮಗುವಿನ ಲಿವರ್‌ಗೆ ಅಪಾಯ. ಬೇವಿನ ಎಣ್ಣೆಯದೂ ಇದೇ ಕಥೆ, ಮಕ್ಕಳ ಬಾಯಿಗೆ ಬೇಡವೇ ಬೇಡ. ಇಂಥ ಬಾಟಲಿಗಳನ್ನು ಕೈಗೆ ಸಿಗದ ಜಾಗದಲ್ಲಿಡಿ.

ಉಪ್ಪುನೀರು ಒಳ್ಳೆಯದು, ನಾನು ಇವತ್ತಿಗೂ ಬಳಸುತ್ತೇನೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಒಸಡು ಊದಿದ್ದರೆ, ಬಾಯಲ್ಲಿ ಹುಣ್ಣಾಗಿದ್ದರೆ, ಹಲ್ಲು ಬಿದ್ದ ಜಾಗ ನೋಯುತ್ತಿದ್ದರೆ ಹಾಯೆನಿಸುತ್ತದೆ. ಆದರೆ ಮಗುವಿಗೆ ಬಾಯಿ ಮುಕ್ಕಳಿಸಿ ಉಗುಳಲು ಚೆನ್ನಾಗಿ ಬರಬೇಕು, ಅಂದರೆ ಆರು ವರ್ಷದ ಆಸುಪಾಸು. ಎಣ್ಣೆ ಮುಕ್ಕಳಿಸುವುದು ಚಿಕ್ಕವರಿಗೆ ಬೇಡ, ಕೆಮ್ಮಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಇದ್ದಿಲ ಪುಡಿ ಹಲ್ಲನ್ನು ಬೆಳ್ಳಗೆ ಮಾಡಿದ ಹಾಗೆ ಕಂಡರೂ ಮೇಲ್ಪದರವನ್ನು ಉಜ್ಜಿ ಸವೆಸುತ್ತದೆ, ಹಾಲು ಹಲ್ಲಿನಲ್ಲಿ ಆ ಪದರ ಮೊದಲೇ ತೆಳು. ಜೇನುತುಪ್ಪವನ್ನಂತೂ ಒಂದು ವರ್ಷದ ಒಳಗಿನ ಮಗುವಿನ ಒಸಡಿಗೆ ಸವರಲೇಬೇಡಿ. ಬೊಟುಲಿಸಂ ಅನ್ನುವ ಕಾಯಿಲೆ ಬರುವ ಅಪಾಯ ಇದೆ.

ಹಲ್ಲು ಹುಟ್ಟುವ ವಯಸ್ಸಿನ ಮಕ್ಕಳಿದ್ದರೆ, ತಣ್ಣೀರಿನಲ್ಲಿ ಅದ್ದಿದ ಚೊಕ್ಕ ಬಟ್ಟೆ ಕಚ್ಚಲು ಕೊಡಿ, ಇಲ್ಲವೇ ಕೈ ತೊಳೆದು ಬೆರಳಿನಿಂದ ಒಸಡು ಮೆಲ್ಲಗೆ ಉಜ್ಜಿ. ನನ್ನ ಅನುಭವದಲ್ಲಿ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಹಲ್ಲು ಹುಟ್ಟುವ ನೋವಿಗೆ ಕುತ್ತಿಗೆಗೆ ಹಾಕುವ ಆಂಬರ್ (ಕಲ್ಲಿನಂತೆ ಗಟ್ಟಿಯಾದ ಮರದ ಅಂಟು) ಮಣಿಸರ ನೈಸರ್ಗಿಕ ಅಂತ ಮಾರುತ್ತಾರೆ. ಮಣಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಸರ ಕುತ್ತಿಗೆ ಬಿಗಿಯಬಹುದು ಅಂತ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ 'ಹಲ್ಲು ಬರ್ತಿದೆ' ಅಂತ ಕೂರಬೇಡಿ, ಬೇರೆ ಕಾರಣ ಇರುತ್ತದೆ.

ಈಗ ನಮ್ಮನೆಯಲ್ಲಿ ಮಾಡುವುದು ಇಷ್ಟು. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಬ್ರಷ್. ರಾತ್ರಿಯದು ಮಾತ್ರ ತಪ್ಪುವ ಹಾಗಿಲ್ಲ, ಅದಾದ ಮೇಲೆ ಬರೀ ನೀರು. ಉಜ್ಜಿದ ಮೇಲೆ ಉಗುಳುತ್ತಾನೆ, ಬಾಯಿ ತೊಳೆಯುವುದಿಲ್ಲ, ಪೇಸ್ಟ್ ಸ್ವಲ್ಪ ಹೊತ್ತು ಹಲ್ಲಿನ ಮೇಲೆ ಇರಲಿ ಅಂತ. ಹಾಲಿನ ಬಾಟಲಿ ಬಿಡಿಸಲು ಹತ್ತು ದಿನ ಹಿಡಿಯಿತು. ಮೊದಲ ಮೂರು ರಾತ್ರಿ ಕಷ್ಟವೇ ಆಯಿತು, ಆಮೇಲೆ ಲೋಟದಲ್ಲಿ ನೀರು ಕೇಳಲು ಶುರು ಮಾಡಿದ. ಈಗ ಅವನಿಗೆ ಆರು ವರ್ಷ. ತಾನೇ ಉಜ್ಜಿಕೊಳ್ಳುತ್ತೇನೆ ಅಂತಾನೆ. ಉಜ್ಜಲಿ ಅಂತ ಬಿಟ್ಟು, ಕೊನೆಗೆ ನಾನೊಮ್ಮೆ ಉಜ್ಜುತ್ತೇನೆ. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಅಷ್ಟು ಹಿಡಿತ ಬರುವುದಿಲ್ಲ.

ಹೋದ ತಿಂಗಳು ಹಾಗೆ ಉಜ್ಜುವಾಗಲೇ ಕೊನೆಯ ದವಡೆ ಹಲ್ಲಿನ ಹಿಂದೆ ಹೊಸದೊಂದು ಮೊಳೆತಿದ್ದು ಕಂಡಿತು. ಇದು ಶಾಶ್ವತ ಹಲ್ಲು. ಯಾವ ಹಾಲು ಹಲ್ಲೂ ಬೀಳದೆ ಹಿಂದೆ ಹುಟ್ಟುವುದರಿಂದ ಎಷ್ಟೋ ಮನೆಗಳಲ್ಲಿ ಗೊತ್ತೇ ಆಗುವುದಿಲ್ಲ. ಆರು ವರ್ಷದ ಮಕ್ಕಳಿರುವವರು ಒಮ್ಮೆ ಟಾರ್ಚ್ ಹಿಡಿದು ನೋಡಿ.

ನಿಮ್ಮ ಮಗಳಿಗೆ ಎರಡೂವರೆ ಅಂದಿರಿ, ಇಪ್ಪತ್ತು ಹಾಲು ಹಲ್ಲೂ ಹೆಚ್ಚುಕಡಿಮೆ ಬಂದಿರುತ್ತವೆ. ಇವತ್ತು ರಾತ್ರಿ ಅವಳ ಮೇಲ್ತುಟಿ ಎತ್ತಿ ಒಸಡಿನ ಅಂಚು ನೋಡಿ. ಬಿಳಿ ಗೆರೆ ಕಂಡರೆ ನನ್ನ ಹಾಗೆ ಮೂರು ವಾರ ಕಾಯಬೇಡಿ, ನಾಳೆಯೇ ಡೆಂಟಿಸ್ಟ್‌ಗೆ ಫೋನ್ ಮಾಡಿ.